ಡ್ರೈವರ್‌ಗೆ ಕೊನೆಗೆ ಗೊತ್ತಾಗುವ ಬೆಂಕಿ: ಕಲಬುರಗಿಯ ಒಂದು ಹಳೆಯ ಕ್ಯಾಂಪರ್ ವ್ಯಾನಿನ ಪ್ರಕರಣ

ಎಂಜಿನ್ ಹಿಂದಿರುವ ಗಾಡಿಗೆ ಬೆಂಕಿ ಹತ್ತಿದರೆ ಹಿಂದೆ ಬರುವ ಲಾರಿಯವನಿಗೆ ಮೊದಲು ಗೊತ್ತಾಗುತ್ತದೆ. ಪಕ್ಕದಲ್ಲಿ ಹೋಗುವ ಬೈಕಿನವನಿಗೂ ಗೊತ್ತಾಗುತ್ತದೆ. ಸ್ಟೀರಿಂಗ್ ಹಿಡಿದವನಿಗೆ ಮಾತ್ರ ಕೊನೆಗೆ. ಈ ಪ್ರಕರಣದ ತಿರುಳು ಇಷ್ಟೇ. ಆದರೆ ಇದು ನಮ್ಮ ತಲೆಗೆ ಹೋಗಲು ಸಾಕಷ್ಟು ದಿನ ಹಿಡಿಯಿತು, ದುಡ್ಡೂ ಹೋಯಿತು.

ಕಲಬುರಗಿಯ ಒಬ್ಬ ತೊಗರಿ ವ್ಯಾಪಾರಿಯ ವ್ಯಾನಿನ ಕಥೆ ಇದು. ನಾನು ಅವರ ಮನೆಗೆ ಹೋಗಿಬರುವವನು. ಗಾಡಿಯ ಕೆಲಸದಲ್ಲೂ ಜೊತೆಗಿದ್ದೆ. ಗುರುತು ಸಿಗಬಾರದೆಂದು ಓಣಿ, ಗಾಡಿಯ ಬಣ್ಣ, ಸಂಬಂಧಗಳನ್ನು ಬದಲಿಸಿದ್ದೇನೆ. ಎಂಜಿನ್, ಪೈಪು, ತೆಗೆದುಕೊಂಡ ತೀರ್ಮಾನಗಳು ಇದ್ದದ್ದು ಇದ್ದಂತೆ ಇವೆ.

ಹಿನ್ನೆಲೆ

ಗಾಡಿ ಫೋಕ್ಸ್‌ವ್ಯಾಗನ್ ಟೈಪ್ 2, ಎಪ್ಪತ್ತರ ದಶಕದ್ದು. ಮುಂದೆ ಒಂದೇ ದೊಡ್ಡ ಬಾಗಿದ ಗಾಜು ಇರುವ ಮಾದರಿ. 1967ರಲ್ಲಿ ಬಂದದ್ದು. ಒಳಗೆ ಹಾಸಿಗೆ, ಸಣ್ಣ ಕಪಾಟು, ಒಲೆ ಇಡಲು ಜಾಗ. ಕರಾವಳಿ ಕಡೆಯ ಒಬ್ಬರಿಂದ ಮಾಲಕರು ಕೊಂಡಿದ್ದರು. ದಿನಬಳಕೆಗೆ ಅಲ್ಲ. ಚಳಿಗಾಲದಲ್ಲಿ ಮನೆಮಂದಿಯೆಲ್ಲ ಬೀದರ್ ಕೋಟೆ, ಬಸವಕಲ್ಯಾಣ, ಚಿಂಚೋಳಿ ಕಡೆಯ ಚಂದ್ರಂಪಳ್ಳಿ ಡ್ಯಾಂ ಅಂತ ಸುತ್ತಲು. ಉಳಿದ ತಿಂಗಳು ತೊಗರಿ ಗೋದಾಮಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಂತಿರುತ್ತಿತ್ತು.

ಈ ಶೆಡ್ಡಿನ ವಿಷಯ ನೆನಪಿಟ್ಟುಕೊಳ್ಳಿ. ತೊಗರಿ ಇದ್ದಲ್ಲಿ ಇಲಿ ಇರುತ್ತದೆ.

ಗಾಡಿಯ ರಚನೆಯನ್ನೂ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎಂಜಿನ್ ಹಿಂಭಾಗದಲ್ಲಿ, ಹಾಸಿಗೆಯ ಕೆಳಗೆ ಇದೆ. ರೇಡಿಯೇಟರ್ ಇಲ್ಲ, ನೀರಿಲ್ಲ. ದೊಡ್ಡ ಫ್ಯಾನ್ ಒಂದು ಸೆಕೆಂಡಿಗೆ ನೂರಾರು ಲೀಟರ್ ಗಾಳಿ ಎಳೆದು ಎಂಜಿನ್ನಿನ ಸಿಲಿಂಡರುಗಳ ಮೇಲೆ ಊದುತ್ತದೆ. ಎಂಜಿನ್ನಿಗೂ ಪೆಟ್ರೋಲ್ ಟ್ಯಾಂಕಿಗೂ ನಡುವೆ ಒಂದು ತಗಡಿನ ಗೋಡೆ, ಅಷ್ಟೇ. ಆ ಗೋಡೆಯ ತೂತಿನಿಂದ ಪೆಟ್ರೋಲ್ ಪೈಪು ಎಂಜಿನ್ ಕೋಣೆಗೆ ಬರುತ್ತದೆ. ಬ್ಯಾಟರಿಯೂ ಅದೇ ಕೋಣೆಯ ಒಂದು ಮೂಲೆಯಲ್ಲಿ. ಎಂಜಿನ್ನಿನ ಹೊರಕವಚ ಮೆಗ್ನೀಸಿಯಂ ಮಿಶ್ರಲೋಹದ್ದು. ಬೆಂಕಿ ಜೋರಾಗಿ ಆ ಕವಚವೇ ಉರಿಯತೊಡಗಿದರೆ ನೀರು ಹಾಕುವಂತಿಲ್ಲ. ಹಾಕಿದರೆ ಇನ್ನೂ ಜಾಸ್ತಿ ಉರಿಯುತ್ತದೆ.

ಪೆಟ್ರೋಲ್, ಕಿಡಿ, ಗಾಳಿ ಮೂರೂ ಒಂದೇ ಗೂಡಿನಲ್ಲಿ. ಮೇಲೆ ಸ್ಪಂಜಿನ ಹಾಸಿಗೆ. ಮಕ್ಕಳು ಮಲಗುವುದೂ ಅಲ್ಲೇ.

ಸಮಸ್ಯೆ

ಬೆಂಕಿ ಹತ್ತಿದ್ದು ಚಿಂಚೋಳಿ ರಸ್ತೆಯ ಒಂದು ಧಾಬಾ ಮುಂದೆ, ಡಿಸೆಂಬರ್ ಕೊನೆಯಲ್ಲಿ. ಡ್ಯಾಂ ನೋಡಿ ವಾಪಸ್ ಬರುತ್ತಿದ್ದರು. ಚಹಾಕ್ಕೆ ನಿಲ್ಲಿಸಿದರು. ಆಗಲೇ ಪೆಟ್ರೋಲ್ ವಾಸನೆ ಇತ್ತಂತೆ. ಆದರೆ ಹಳೇ ಗಾಡಿಗೆ ವಾಸನೆ ಇದ್ದದ್ದೇ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಚಹಾ ಕುಡಿದು ಮಾಲಕರ ಅಣ್ಣನ ಮಗ ಕೀ ತಿರುಗಿಸಿದ. ಎಂಜಿನ್ ಶುರುವಾಯಿತು. ರಸ್ತೆಗೆ ಇಳಿಯುವಷ್ಟರಲ್ಲಿ ಹಿಂದಿನಿಂದ ಲಾರಿ ಕ್ಲೀನರ್ ಕೂಗಿದ, ‘ಹಿಂದ ಬೆಂಕಿ ಹತ್ತೇದ ನೋಡ್ರೀ!’

ಎಲ್ಲರನ್ನೂ ಇಳಿಸಿದರು. ಹುಡುಗ ಓಡಿಹೋಗಿ ಎಂಜಿನ್ ಮುಚ್ಚಳ ಪೂರ್ತಿ ಎತ್ತಿದ. ಒಮ್ಮೆಲೇ ಜ್ವಾಲೆ ಅವನ ಮುಖದೆತ್ತರಕ್ಕೆ ಬಂತು. ಹುಬ್ಬು ಸುಟ್ಟುಕೊಂಡ, ಪುಣ್ಯಕ್ಕೆ ಬೇರೇನೂ ಆಗಲಿಲ್ಲ. ಗಾಡಿಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇತ್ತು. ಎಲ್ಲಿತ್ತು? ಹಿಂದಿನ ಹಾಸಿಗೆಯ ಕೆಳಗೆ, ಅಂದರೆ ಉರಿಯುತ್ತಿರುವ ಎಂಜಿನ್ನಿನ ನೆತ್ತಿಯ ಮೇಲೆ. ತೆಗೆಯಲು ಯಾರಿಗೆ ಧೈರ್ಯ? ಧಾಬಾದವರು ಒದ್ದೆ ಗೋಣಿ ಚೀಲ ತಂದು ಹಾಕಿದರು, ಎರೆ ಮಣ್ಣು ಎರಚಿದರು. ಬೆಂಕಿ ಆರಿತು.

ಆರಿ ಸ್ವಲ್ಪ ಹೊತ್ತಿಗೆ ಮತ್ತೆ ಹತ್ತಿತು. ಮತ್ತೆ ಮಣ್ಣು ಹಾಕಿದರು. ಇನ್ನೊಮ್ಮೆ ಹತ್ತಿತು. ಕೊನೆಗೆ ತಾನಾಗಿಯೇ ನಿಂತಿತು.

ವೈರುಗಳು ಸುಟ್ಟಿದ್ದವು, ಮೇಲಿನ ತಗಡು ಕಪ್ಪಾಗಿತ್ತು, ಹಾಸಿಗೆಯ ಒಂದು ತುದಿ ಕರಗಿತ್ತು. ಗಾಡಿ ಉಳಿಯಿತು. ಮನೆಯಲ್ಲಿ ಎಲ್ಲರೂ ದೇವರು ದೊಡ್ಡವನು ಎಂದರು. ಶರಣಬಸವೇಶ್ವರರ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡೂ ಬಂದರು. ಆದರೆ ಬೆಂಕಿ ಮೂರು ಸಲ ಹತ್ತಿದ್ದು ಯಾಕೆ, ಆಮೇಲೆ ತಾನೇ ನಿಂತದ್ದು ಯಾಕೆ ಎಂದು ಆಗ ಯಾರೂ ಕೇಳಲಿಲ್ಲ. ಉತ್ತರ ಅಲ್ಲೇ ಇತ್ತು.

ಮೊದಲು ಮಾಡಿದ್ದು

ಗಾಡಿಯನ್ನು ಟೋ ಮಾಡಿಸಿ ಕಲಬುರಗಿಗೆ ತಂದರು. ರಿಂಗ್ ರಸ್ತೆಯ ಒಂದು ಗ್ಯಾರೇಜಿನವರು ನೋಡಿದರು. ಪೆಟ್ರೋಲ್ ಪಂಪಿನ ಬಳಿ ರಬ್ಬರ್ ಪೈಪು ಕಡಿದಿತ್ತು. ಕಡಿದದ್ದು ಇಲಿ, ಹಲ್ಲಿನ ಗುರುತು ಸ್ಪಷ್ಟವಾಗಿತ್ತು. ಪೈಪು ಬದಲಿಸಿದರು, ವೈರು ಜೋಡಿಸಿದರು. ಜೊತೆಗೆ ಬೈಕಿಗೆ ಹಾಕುವ ಪ್ಲಾಸ್ಟಿಕ್ ಪೆಟ್ರೋಲ್ ಫಿಲ್ಟರ್ ಒಂದನ್ನು ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಹತ್ತಿರ ಕೂರಿಸಿದರು. ಕಸ ನಿಲ್ಲಲಿ, ಕಣ್ಣಿಗೆ ಕಾಣಲಿ ಎಂದು. ಮಾಲಕರು ಹೊಸ ಪೌಡರ್ ಸಿಲಿಂಡರ್ ಕೊಂಡು, ಈ ಸಲ ಡ್ರೈವರ್ ಸೀಟಿನ ಪಕ್ಕ ಕಟ್ಟಿಸಿದರು. ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಂಡರು.

ಏಪ್ರಿಲ್ ಹೊತ್ತಿಗೆ ವಾಸನೆ ಮತ್ತೆ ಬಂತು.

ಕಲಬುರಗಿಯ ಬಿಸಿಲು ಗೊತ್ತಲ್ಲ, 42 ಡಿಗ್ರಿ ದಾಟುವುದು ಇಲ್ಲಿ ಹೊಸದಲ್ಲ. ತಗಡಿನ ಶೆಡ್ಡಿನೊಳಗೆ ಇನ್ನೂ ಜಾಸ್ತಿ. ಪೈಪು ಮುಟ್ಟಿ ನೋಡಿದರೆ ಮೆತ್ತಗೆ ಊದಿಕೊಂಡಿತ್ತು. ಕ್ಲಿಪ್ಪಿನ ಕೆಳಗೆ ಒದ್ದೆ. ಇದಕ್ಕೆ ಎರಡು ಕಾರಣ ಸೇರಿದ್ದವು. ಒಂದು, ಹಾಕಿದ ಪೈಪಿನ ಒಳ ಅಳತೆ ದೊಡ್ಡದಿತ್ತು. ಈ ಗಾಡಿಗೆ ಬೇಕಾದದ್ದು ಸಣ್ಣ ಅಳತೆಯದು, ಎಳೆದು ಕೂರಿಸಬೇಕು. ಸಡಿಲ ಪೈಪನ್ನು ಸ್ಕ್ರೂ ಕ್ಲಿಪ್ ಹಾಕಿ ಬಿಗಿದಿದ್ದರಿಂದ ಕ್ಲಿಪ್ಪೇ ರಬ್ಬರನ್ನು ಕೊರೆಯುತ್ತಿತ್ತು. ಇನ್ನೊಂದು, ಈಗಿನ ಪೆಟ್ರೋಲ್. 2023ರಿಂದ ಹಂತಹಂತವಾಗಿ ಬಂದ ಇ20ಯಲ್ಲಿ ಶೇಕಡಾ 20 ಎಥನಾಲ್ ಇರುತ್ತದೆ. ಹೊಸ ಗಾಡಿಗಳ ಪೈಪು, ವಾಷರ್‌ಗಳು ಅದಕ್ಕೆ ತಕ್ಕಂತೆ ಇರುತ್ತವೆ. ಹಳೇ ಗಾಡಿಗೆ ಸಿಕ್ಕ ರಬ್ಬರ್ ಹಾಕಿದರೆ ಊದುತ್ತದೆ, ಆಮೇಲೆ ಒಣಗಿ ಬಿರಿಯುತ್ತದೆ. ಗ್ಯಾರೇಜಿನವರನ್ನು ಬೈದು ಉಪಯೋಗವಿಲ್ಲ. ಅವರ ಬಳಿ ದಿನಾ ಬರುವ ಗಾಡಿಗಳಿಗೆ ಆ ಪೈಪು ಸಾಕು.

ಮನೆಯಲ್ಲಿ ಆಗ ದೊಡ್ಡ ಮಾತುಕತೆ ನಡೆಯಿತು. ಮಾಲಕರ ಮನೆಯವರು ಮಾರಿಬಿಡಿ ಎಂದರು. ಅಣ್ಣನ ಮಗನಿಗೆ ಬೆಂಕಿ ತಾನೇ ಆರಿಸುವ ಟ್ಯೂಬ್ ಬೇಕಿತ್ತು. ಎಂಜಿನ್ ಕೋಣೆಯ ಮೇಲ್ಭಾಗದಲ್ಲಿ ಕಟ್ಟುವ ಟ್ಯೂಬ್ ಅದು. ಸುಮಾರು 120 ಡಿಗ್ರಿ ಬಿಸಿ ತಾಗಿದ ಕಡೆ ಒಡೆದು, ಒಳಗಿನ ಅನಿಲ ಬೆಂಕಿಯ ಮೇಲೆ ಸುರಿಯುತ್ತದೆ. ಬಸ್ ಡಿಪೋದಿಂದ ನಿವೃತ್ತರಾದ ಅವರ ಸಂಬಂಧಿಯೊಬ್ಬರು, ದೊಡ್ಡ ಬಸ್ಸುಗಳ ಎಂಜಿನ್ ಕೋಣೆಗೂ ಎಐಎಸ್-135 ಅಂತ ನಿಯಮ ಬಂದಿದೆ, ಅಲ್ಲೂ ಬೆಂಕಿ ಪತ್ತೆ ಮಾಡಿ ಆರಿಸುವ ವ್ಯವಸ್ಥೆ ಇರುತ್ತದೆ ಎಂದು ಸೇರಿಸಿದರು. ಮಾಲಕರು ಒಪ್ಪುವ ಹಂತದಲ್ಲಿದ್ದರು.

ಉಸ್ತಾದರ ಪ್ರಶ್ನೆ

ಇಲ್ಲಿ ಕಥೆ ತಿರುಗಿತು. ಊರಿನಲ್ಲಿ ವಯಸ್ಸಾದ ಒಬ್ಬ ಮೆಕ್ಯಾನಿಕ್ ಇದ್ದಾರೆ. ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಅಂಬಾಸಿಡರ್, ಜೀಪು, ಮೆಟಡೋರ್ ಕಾಲದವರು. ಈ ಗಾಡಿಯನ್ನು ಹಿಂದೆ ಎಂದೂ ಮುಟ್ಟಿರಲಿಲ್ಲ. ಬಂದು ಗಾಡಿಯ ಕೆಳಗೆ ಮಲಗಿ, ಟಾರ್ಚ್ ಬಿಟ್ಟು ನೋಡಿ, ಎದ್ದು ಕೇಳಿದ ಮೊದಲ ಮಾತು: ‘ಅವತ್ತ ಟಾಕಿಯೊಳಗ ಪೆಟ್ರೋಲ್ ಎಷ್ಟಿತ್ರಿ ಸಾವ್ಕಾರ್ರೆ?’

ಕಡಿಮೆ ಇತ್ತು. ಧಾಬಾ ದಾಟಿದ ಮೇಲೆ ಬಂಕಿನಲ್ಲಿ ಹಾಕಿಸುವ ಯೋಚನೆ ಇತ್ತು.

‘ಅದಕ್ಕ ಉಳೀತ್ರಿ ಗಾಡಿ. ನೀವು ಎಂಜಿನ್ ಬಂದ್ ಮಾಡಿದ್ರೂ ಟಾಕಿ ಮ್ಯಾಲೇ ಅದ. ಪಂಪ್ ಕೆಳಗದ. ಪೈಪ್ ಕಡದ್ರ ಪೆಟ್ರೋಲ್ ತಾನೇ ಇಳೀತದ. ಆರಿಸಿದಂಗ ಮತ್ತ ಮತ್ತ ಹತ್ತತದ.’

ಮೂರು ಸಲ ಯಾಕೆ ಹತ್ತಿತು ಎನ್ನುವುದಕ್ಕೆ ಉತ್ತರ ಸಿಕ್ಕಿತು. ಈ ಎಂಜಿನ್ನಿನ ಪಂಪು ಎಂಜಿನ್ ತಿರುಗಿದರೆ ಮಾತ್ರ ಕೆಲಸ ಮಾಡುವಂಥದ್ದು, ನಿಜ. ಕೀ ತೆಗೆದರೆ ಪಂಪು ನಿಲ್ಲುತ್ತದೆ. ಆದರೆ ಇಲ್ಲಿ ಪೆಟ್ರೋಲಿಗೆ ಪಂಪೇ ಬೇಕಿರಲಿಲ್ಲ. ಅಂದು ಟ್ಯಾಂಕ್ ತುಂಬಿದ್ದರೆ ಐವತ್ತು ಲೀಟರಿಗೂ ಮೇಲೆ ಪೆಟ್ರೋಲ್ ಆ ಬೆಂಕಿಗೆ ಇಳಿಯುತ್ತಿತ್ತು. ಅಷ್ಟನ್ನು ಯಾವ ಟ್ಯೂಬು, ಯಾವ ಪೌಡರ್ ಆರಿಸಬೇಕು?

ಟ್ಯೂಬಿನ ಬಗ್ಗೆ ಉಸ್ತಾದರು ಇನ್ನೊಂದು ಮಾತು ಹೇಳಿದರು. ಎಂಜಿನ್ ಓಡುತ್ತಿದ್ದರೆ ಆ ಫ್ಯಾನು ಅನಿಲವನ್ನೆಲ್ಲ ಎಳೆದು ಕೆಳಗೆ ಬಿಸಾಕುತ್ತದೆ. ಎಂಜಿನ್ ನಿಲ್ಲಬೇಕು, ಆಗ ಮಾತ್ರ ಅನಿಲ ಅಲ್ಲಿ ನಿಂತು ಕೆಲಸ ಮಾಡುತ್ತದೆ. ಎಂಜಿನ್ ನಿಲ್ಲಿಸಬೇಕೆಂದರೆ ಡ್ರೈವರ್‌ಗೆ ಗೊತ್ತಾಗಬೇಕು. ಗೊತ್ತಾಗುವುದು ಹೇಗೆ? ಪ್ರತಿಸಲ ಹಿಂದೆ ಲಾರಿ ಬರುತ್ತದಾ?

ಟ್ಯೂಬಿಗೆ ತೆಗೆದಿಟ್ಟ ದುಡ್ಡನ್ನು ಬೇರೆ ಕಡೆ ಹಾಕಲು ಮಾಲಕರು ಒಪ್ಪಿದ್ದು ಆಗ. ಅಣ್ಣನ ಮಗನಿಗೆ ಅಸಮಾಧಾನವಾಯಿತು. ಅವನ ವಾದದಲ್ಲೂ ಹುರುಳಿತ್ತು: ಮನುಷ್ಯ ಗಾಬರಿಯಾಗುತ್ತಾನೆ, ಮಷೀನ್ ಆಗುವುದಿಲ್ಲ. ಆದರೆ ಎರಡಕ್ಕೂ ದುಡ್ಡು ಇರಲಿಲ್ಲ. ಪೆಟ್ರೋಲ್ ನಿಲ್ಲಿಸುವುದು ಮೊದಲು ಎಂದು ತೀರ್ಮಾನವಾಯಿತು. ನಾನು ಉಸ್ತಾದರ ಪರವಾಗಿದ್ದೆ, ಈಗಲೂ ಇದ್ದೇನೆ.

ಎಂಜಿನ್ ಇಳಿಸಿ ಮಾಡಿದ ಕೆಲಸ

ಟ್ಯಾಂಕ್ ಕಡೆಯ ಪೈಪು ಮುಟ್ಟಬೇಕೆಂದರೆ ಎಂಜಿನ್ ಇಳಿಸಲೇಬೇಕು. ಮೊದಲ ಗ್ಯಾರೇಜಿನವರು ಪಂಪಿನ ಬಳಿಯ ತುಂಡನ್ನಷ್ಟೇ ಬದಲಿಸಿದ್ದು ಇದೇ ಕಾರಣಕ್ಕೆ. ಇಳಿಸಿ ನೋಡಿದಾಗ ಗೋಡೆಯ ಆಚೆಗಿದ್ದ ಪೈಪು, ಮೇಲೆ ಬಟ್ಟೆಯ ಹೆಣಿಗೆ ಇರುವ ಹಳೇ ಕಾಲದ್ದು, ಬೆರಳಲ್ಲಿ ಹಿಚುಕಿದರೆ ಪುಡಿಯಾಗುತ್ತಿತ್ತು. ತಗಡಿನ ಗೋಡೆಯ ತೂತಿನಲ್ಲಿ ರಬ್ಬರ್ ಬುಷ್ ಇರಲೇ ಇಲ್ಲ. ತಗಡಿನ ಅಂಚು ಪೈಪನ್ನು ತಿಕ್ಕಿ ತಿಕ್ಕಿ ಗೆರೆ ಬಿದ್ದಿತ್ತು. ಇಲಿ ಕಡಿಯದಿದ್ದರೂ ಇದು ಇನ್ನೊಂದು ವರ್ಷ ತಾಳುತ್ತಿರಲಿಲ್ಲ.

ಫ್ಯಾನಿನ ತಗಡು ಬಿಚ್ಚಿದಾಗ ಒಳಗಿನಿಂದ ಗೋಣಿ ನಾರು, ಒಣ ಹುಲ್ಲು, ತೊಗರಿ ಹೊಟ್ಟು ಹಿಡಿ ಹಿಡಿಯಾಗಿ ಬಂತು. ಇಲಿ ಅಲ್ಲೇ ಮನೆ ಮಾಡಿತ್ತು. ಗಾಳಿ ಹೋಗುವ ದಾರಿ ಮುಚ್ಚಿದರೆ ಎಂಜಿನ್ನಿನ ಒಂದು ಕಡೆಯ ಸಿಲಿಂಡರ್ ಬಿಸಿಯೇರುತ್ತದೆ. ಪಕ್ಕದಲ್ಲೇ ಒಣ ಹುಲ್ಲು. ನೋಡಿದವರೆಲ್ಲ ಸುಮ್ಮನೆ ನಿಂತುಬಿಟ್ಟರು.

ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗಿನ ಎಲ್ಲ ರಬ್ಬರನ್ನೂ ಬದಲಿಸಿದರು. ಪೈಪಿನ ಮೈಮೇಲೆ ಎಸ್‌ಎಇ ಜೆ30 ಆರ್9 ಎಂಬ ಪೆಟ್ರೋಲ್ ಪೈಪಿನ ಗುಣಮಟ್ಟದ ಗುರುತು ಅಚ್ಚಾಗಿರುವುದನ್ನೇ ತರಿಸಿದ್ದು. ಇದರ ಒಳಪದರ ಎಥನಾಲ್ ತಾಳುತ್ತದೆ. ಅಳತೆ ಸರಿ ಇದ್ದದ್ದರಿಂದ ಕೂರಿಸಲು ಸೋಪಿನ ನೀರು ಹಚ್ಚಿ ತಳ್ಳಬೇಕಾಯಿತು. ರಬ್ಬರ್ ಕೊರೆಯದ, ಅಂಚು ನುಣುಪಾದ ಕ್ಲಿಪ್ಪುಗಳನ್ನು ಹಾಕಿದರು. ಗೋಡೆಯ ತೂತಿಗೆ ಹೊಸ ಬುಷ್ ಬಂತು. ಪ್ಲಾಸ್ಟಿಕ್ ಫಿಲ್ಟರ್ ಕಿತ್ತು ಬಿಸಾಕಿದರು. ಅದು ಇದ್ದದ್ದು ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಸರಿಯಾಗಿ ಮೇಲೆ, ಸೋರಿದರೆ ಕಿಡಿಯ ಮೇಲೇ ಬೀಳಬೇಕು. ಲೋಹದ ಫಿಲ್ಟರನ್ನು ಗೋಡೆಯ ಆಚೆ, ಎಂಜಿನ್ ಕೋಣೆಯ ಹೊರಗೆ ಕೂರಿಸಿದರು.

ಕಾರ್ಬೊರೇಟರಿಗೆ ಪೆಟ್ರೋಲ್ ಹೋಗುವ ಹಿತ್ತಾಳೆ ನಳಿಕೆ ಒಂದಿದೆ. ಅದನ್ನು ಬರೀ ಒತ್ತಿ ಕೂರಿಸಿರುತ್ತಾರೆ, ಥ್ರೆಡ್ ಇರುವುದಿಲ್ಲ. ವರ್ಷಗಟ್ಟಲೆ ಅದುರಿದ ಮೇಲೆ ಸಡಿಲವಾಗಿ ಹೊರಬರುವುದು ಈ ಎಂಜಿನ್ನುಗಳಲ್ಲಿ ಜಗತ್ತಿನಾದ್ಯಂತ ಗೊತ್ತಿರುವ ಕಾಯಿಲೆ. ಬೆರಳಲ್ಲಿ ಹಿಡಿದು ತಿರುವಿದರೆ ನಮ್ಮದೂ ಅಲುಗಾಡುತ್ತಿತ್ತು. ಒಬ್ಬ ಲೇಥ್ ಕೆಲಸದವರು ಕಾರ್ಬೊರೇಟರ್ ಮುಚ್ಚಳಕ್ಕೆ ಥ್ರೆಡ್ ಹಾಕಿ ಸ್ಕ್ರೂ ನಳಿಕೆ ಮಾಡಿಕೊಟ್ಟರು. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಾದದ್ದು ಇದಕ್ಕೆ. ನನ್ನನ್ನು ಕೇಳಿದರೆ ಅತಿ ಜರೂರಿನದ್ದೂ ಇದೇ.

ಪೆಟ್ರೋಲ್ ನಿಲ್ಲಿಸುವ ಕವಾಟ ಎಲ್ಲಿ ಸಿಗುತ್ತದೆ ಎಂದು ನಾವು ಬೆಂಗಳೂರು, ಪುಣೆ ಎಲ್ಲ ವಿಚಾರಿಸುತ್ತಿದ್ದೆವು. ಉಸ್ತಾದರು ಹೋಗಿ ಗ್ಯಾಸ್ ಕಿಟ್ ಹಾಕುವ ಅಂಗಡಿಯಿಂದ ತಂದರು. ಕಾರ್ಬೊರೇಟರ್ ಕಾರುಗಳಿಗೆ ಗ್ಯಾಸ್ ಕಿಟ್ ಹಾಕುವಾಗ ಪೆಟ್ರೋಲ್ ಬಂದ್ ಮಾಡಲು 12 ವೋಲ್ಟಿನ ಸೊಲೆನಾಯ್ಡ್ ಕವಾಟ ಹಾಕುತ್ತಾರಲ್ಲ, ಅದೇ. ಕರೆಂಟ್ ಇದ್ದರೆ ತೆರೆದಿರುತ್ತದೆ, ಇಲ್ಲದಿದ್ದರೆ ಮುಚ್ಚಿರುತ್ತದೆ. ಟ್ಯಾಂಕಿನ ಕೆಳಗೆ, ಗೋಡೆಯ ಆಚೆ ಕೂರಿಸಿ ಕೀಗೆ ವೈರ್ ಕೊಟ್ಟರು. ಈಗ ಕೀ ತಿರುಗಿಸಿದರೆ ಎಂಜಿನ್ ನಿಲ್ಲುತ್ತದೆ, ಪೆಟ್ರೋಲೂ ನಿಲ್ಲುತ್ತದೆ. ವೈರ್ ಸುಟ್ಟರೂ ಕವಾಟ ತಾನೇ ಮುಚ್ಚುತ್ತದೆ. ಪೂರ್ತಿ ವೇಗದಲ್ಲಿ ಪೆಟ್ರೋಲ್ ಸಾಲದೆ ಎಂಜಿನ್ ಎಳೆದಾಡುತ್ತದಾ ಎಂದು ಹುಮನಾಬಾದ್ ರಸ್ತೆಯಲ್ಲಿ ಓಡಿಸಿ ನೋಡಿದರು. ಎಳೆದಾಡಲಿಲ್ಲ.

ಬ್ಯಾಟರಿಗೆ ಲಾರಿಗಳಲ್ಲಿ ಇರುವಂಥ ಕಟಾಫ್ ಸ್ವಿಚ್ ಬಂತು. ಪ್ಲಸ್ ತುದಿಗೆ ರಬ್ಬರ್ ಟೋಪಿ. ಎಂಜಿನ್ ಕೋಣೆಯ ಮೇಲ್ಛಾವಣಿಗೆ, ಕಾರ್ಬೊರೇಟರ್‌ಗೆ ನೇರ ಮೇಲೆ, ಒಂದು ಹೀಟ್ ಸ್ವಿಚ್ ಕಟ್ಟಿದರು. ಬಿಸಿ ಮಿತಿ ಮೀರಿದರೆ ಡ್ರೈವರ್ ಮುಂದೆ ಬಜರ್ ಕೂಗುತ್ತದೆ, ಕೆಂಪು ದೀಪ ಉರಿಯುತ್ತದೆ. ಇದನ್ನು ಜೋಡಿಸಿದ್ದು ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹುಡುಗ, ಅರ್ಧ ದಿನದಲ್ಲಿ.

ಆಮೇಲೆ ಮನೆಮಂದಿಗೆಲ್ಲ ಅಭ್ಯಾಸ ಮಾಡಿಸಿದರು. ಬಜರ್ ಕೂಗಿದರೆ ಕೀ ಬಂದ್, ಗಾಡಿ ಬದಿಗೆ, ಎಲ್ಲರೂ ಪಕ್ಕದ ಬಾಗಿಲಿನಿಂದ ಇಳಿದು ದೂರ. ಮುಚ್ಚಳ ಎತ್ತುವಂತಿಲ್ಲ. ಎತ್ತಿದರೆ ಗಾಳಿ ನುಗ್ಗುತ್ತದೆ, ಆ ಹುಡುಗನ ಹುಬ್ಬು ಸುಟ್ಟದ್ದು ಹಾಗೆಯೇ. ಸಿಲಿಂಡರ್ ಹೊಡೆಯುವುದಿದ್ದರೆ ಮುಚ್ಚಳ ಎರಡು ಬೆರಳಷ್ಟು ಮಾತ್ರ ತೆರೆದು, ಸಂದಿಯಿಂದ. ಒಂದು ಸಿಲಿಂಡರಿಗೆ ಆರದಿದ್ದರೆ ಗಾಡಿ ಬಿಟ್ಟು 112ಕ್ಕೆ ಫೋನ್. ಮಾಲಕರ ಮನೆಯವರು ಈ ಕೊನೆಯ ಮಾತನ್ನು ಎಲ್ಲರಿಂದ ಬಾಯಿಪಾಠ ಮಾಡಿಸಿದರು.

ಏನಾಯಿತು

ಮುಂದಿನ ಮೇ ತಿಂಗಳಲ್ಲಿ ಬೀದರಿಗೆ ಹೊರಟಾಗ ಕಮಲಾಪುರ ದಾಟಿದ ಮೇಲೆ ಬಜರ್ ಕೂಗಿತು. ಹೇಳಿಕೊಟ್ಟಂತೆ ಮಾಡಿದರು. ಬೆಂಕಿ ಇರಲಿಲ್ಲ, ಹೊಗೆಯೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೊರಟರು. ಮತ್ತೆ ಕೂಗಿತು. ಹುಮನಾಬಾದ್ ಮುಟ್ಟುವಷ್ಟರಲ್ಲಿ ಎಲ್ಲರಿಗೂ ತಲೆ ಚಿಟ್ಟು ಹಿಡಿದಿತ್ತು. ಅಣ್ಣನ ಮಗ ವೈರ್ ಕಿತ್ತುಬಿಡೋಣ ಕಾಕಾ ಎಂದ. ಬಿಸಿಲಿಗೆ ಕೂಗುತ್ತಿದೆ, ಸ್ವಿಚ್ ಸರಿಯಿಲ್ಲ ಎಂದು ಅವನ ಲೆಕ್ಕ.

ಇಂಥ ಕಡೆ ಬಹಳ ಜನ ವೈರ್ ಕೀಳುತ್ತಾರೆ. ಮಾಲಕರು ಕೀಳಲಿಲ್ಲ. ಉಸ್ತಾದರಿಗೆ ಫೋನ್ ಮಾಡಿದರು. ಅವರು, ‘ಕಿತ್ತಬ್ಯಾಡ್ರಿ, ವಾಪಸ್ ಬರ್ರಿ, ಮೆಲ್ಲಗ’ ಎಂದರು. ಬೀದರ್ ಪ್ರವಾಸ ಅಲ್ಲಿಗೇ ಮುಗಿಯಿತು. ಮಕ್ಕಳು ಅತ್ತರು.

ತಪ್ಪು ಸ್ವಿಚ್ಚಿನದಾಗಿರಲಿಲ್ಲ. ಎಂಜಿನ್ನಿನ ಸುತ್ತ, ತಗಡಿಗೂ ಬಾಡಿಗೂ ನಡುವೆ ಒಂದು ಉದ್ದನೆಯ ರಬ್ಬರ್ ಪಟ್ಟಿ ಇರಬೇಕು. ಕೆಳಗಿನ ಬಿಸಿ ಗಾಳಿ ಮೇಲೆ ಬರದಂತೆ ತಡೆಯುವುದು ಅದರ ಕೆಲಸ. ನಮ್ಮ ಗಾಡಿಯಲ್ಲಿ ಅರ್ಧ ಪಟ್ಟಿ ಇರಲೇ ಇಲ್ಲ. ಸೈಲೆನ್ಸರ್ ಕಾಯಿಸಿದ ಗಾಳಿ ಮೇಲೆ ಬಂದು, ಅದನ್ನೇ ಫ್ಯಾನು ಮತ್ತೆ ಎಳೆದು ಎಂಜಿನ್ನಿಗೆ ಊದುತ್ತಿತ್ತು. ಚಳಿಗಾಲದಲ್ಲಿ ನಡೆಯಿತು, ಮೇ ತಿಂಗಳಲ್ಲಿ ಬಜರ್ ಹಿಡಿದುಹಾಕಿತು. ಜೊತೆಗೆ ಆಯಿಲ್ ಕೂಲರಿನ ಸಂದಿಗಳಲ್ಲಿ ಎರೆ ಮಣ್ಣಿನ ಧೂಳು ಆಯಿಲ್ ಜೊತೆ ಸೇರಿ ಗಟ್ಟಿಯಾಗಿ ಕೂತಿತ್ತು. ಟ್ಯೂಬ್ ಒಂದೇ ಇದ್ದಿದ್ದರೆ ಇದು ಯಾವುದೂ ಗೊತ್ತಾಗುತ್ತಿರಲಿಲ್ಲ. ಅದು 120 ಡಿಗ್ರಿವರೆಗೆ ಸುಮ್ಮನೆ ಕೂತಿರುತ್ತಿತ್ತು.

ಪಟ್ಟಿ ಹಾಕಿಸಿ, ಕೂಲರ್ ತೊಳೆಸಿದ ಮೇಲೆ ಅದೇ ಬಿಸಿಲಿನಲ್ಲಿ ಓಡಿಸಿದರು. ಬಜರ್ ಕೂಗಲಿಲ್ಲ. ಬೆಂಕಿ ಮತ್ತೆ ಹತ್ತಿಲ್ಲ.

ಇದರಿಂದ ತಿಳಿದದ್ದು

ಖರ್ಚಿನ ಸರದಿ ಮುಖ್ಯ. ಎಲ್ಲರ ಕಣ್ಣು ಆರಿಸುವ ಸಾಮಾನಿನ ಮೇಲೆ ಹೋಗುತ್ತದೆ, ಅದು ಅಂಗಡಿಯಲ್ಲಿ ಸಿಗುತ್ತದೆ, ಕೆಂಪಗೆ ಕಾಣುತ್ತದೆ. ಪೈಪು, ನಳಿಕೆ, ಕವಾಟಗಳಿಗೆ ಎಂಜಿನ್ ಇಳಿಸಬೇಕು, ಕೈ ಕೊಳೆಯಾಗಬೇಕು. ಸಿಲಿಂಡರ್ ಬೇಡ ಎಂದು ಹೇಳುತ್ತಿಲ್ಲ. ಐಎಸ್ 15683 (ಇಂಥ ಸಿಲಿಂಡರಿನ ಭಾರತೀಯ ಮಾನದಂಡ) ಗುರುತಿನದು, ಡ್ರೈವರ್ ಕೈಗೆ ಸಿಗುವ ಕಡೆ ಇರಲೇಬೇಕು. ಪೆಟ್ರೋಲ್ ಸುರಿಯುತ್ತಲೇ ಇದ್ದರೆ ಅದು ಮುಗಿದ ಮೇಲೆ ನಿಮ್ಮ ಕೈ ಖಾಲಿ.

ನಿಂತ ಗಾಡಿಯ ಬಗ್ಗೆಯೂ ಒಂದು ಮಾತು. ಈ ಗಾಡಿಗೆ ಓಡಿದ್ದಕ್ಕಿಂತ ನಿಂತದ್ದೇ ಜಾಸ್ತಿ ಹಾನಿ ಮಾಡಿತ್ತು. ಈಗ ಅದನ್ನು ಗೋದಾಮಿನಿಂದ ದೂರ, ಶಹಾಬಾದ್ ಕಲ್ಲು ಹಾಸಿದ ಅಂಗಳಕ್ಕೆ ತಂದಿದ್ದಾರೆ. ಹೊರಡುವ ಮುಂಚೆ ಮುಚ್ಚಳ ಎತ್ತಿ ಮೂಸಿ ನೋಡುವುದು, ಪೈಪಿನ ಮೇಲೆ ಬೆರಳಾಡಿಸುವುದು ಅಣ್ಣನ ಮಗನ ಕೆಲಸ. ಒದ್ದೆ ಇದ್ದರೆ ಹೊರಡುವಂತಿಲ್ಲ. ಪೈಪು ಹಾಕಿದ ವರ್ಷವನ್ನು ಮುಚ್ಚಳದ ಒಳಮೈಗೆ ಪೇಂಟಿನಲ್ಲಿ ಬರೆದಿದ್ದಾರೆ.

ಎಲ್ಲವೂ ಬಗೆಹರಿದಿಲ್ಲ. ಅಡುಗೆಯ 5 ಕೆಜಿ ಗ್ಯಾಸ್ ಸಿಲಿಂಡರ್ ಇನ್ನೂ ಗಾಡಿಯೊಳಗೇ ಹೋಗುತ್ತದೆ. ನಾನು, ಉಸ್ತಾದರು ಇಬ್ಬರೂ ಬೇಡ ಎಂದಿದ್ದೇವೆ. ಚಹಾ ಇಲ್ಲದೆ ಪ್ರವಾಸ ಯಾಕೆ ಎನ್ನುವುದು ಮಾಲಕರ ಉತ್ತರ. ಟ್ಯೂಬ್ ಬೇಕೆನ್ನುವ ಹಟ ಹುಡುಗನೂ ಬಿಟ್ಟಿಲ್ಲ. ಈ ವರ್ಷದ ತೊಗರಿ ದರ ನೋಡಿ ಹೇಳುತ್ತೇನೆ ಎಂದು ಮಾಲಕರು ತಳ್ಳಿದ್ದಾರೆ. ಪೆಟ್ರೋಲ್ ನಿಲ್ಲುವ ವ್ಯವಸ್ಥೆ ಆಗಿರುವುದರಿಂದ ಈಗ ಹಾಕಿಸಿದರೆ ಅದಕ್ಕೂ ಅರ್ಥವಿದೆ ಎಂದು ಉಸ್ತಾದರೂ ಒಪ್ಪುತ್ತಾರೆ.

ಈ ಗಾಡಿ ನೋಡಿ ಹಳೇ ಓಮ್ನಿ ಇಟ್ಟುಕೊಂಡ ಒಬ್ಬರು ತಮಗೂ ಬಜರ್ ಬೇಕೆಂದು ಉಸ್ತಾದರ ಬಳಿ ಬಂದಿದ್ದರು. ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಬಿಸಿಯಾದರೆ ಡ್ರೈವರ್‌ಗೇ ಮೊದಲು ತಾಗುತ್ತದೆ. ಉಸ್ತಾದರು ಬಜರ್ ಹಾಕಿಕೊಡಲಿಲ್ಲ. ಸೀಟು ಎತ್ತಿಸಿ ಪೆಟ್ರೋಲ್ ಪೈಪು ತೋರಿಸಿ, ಅದನ್ನು ಬದಲಿಸಿ, ಅದರ ದುಡ್ಡಷ್ಟೇ ತೆಗೆದುಕೊಂಡು ಕಳಿಸಿದರು.